ನೆಟ್ಟದ್ದಾಯಿತು, ಸವರಲು ಕಲಿತವರೆಲ್ಲಿ?

ಏಪ್ರಿಲ್ ಮುಗಿಯುವ ಹೊತ್ತಿಗೆ ಬೆಂಗಳೂರಿಗೆ ಬರುವ ಗಾಳಿ ಮಳೆ ಮರಗಳನ್ನು ಉರುಳಿಸದೆ ಹೋಗುವುದಿಲ್ಲ. ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರ ಎಲ್ಲ ಕಡೆಯೂ ಅದೇ ಕಥೆ. ಮರುದಿನದ ಪತ್ರಿಕೆಯಲ್ಲಿ ಬಿದ್ದ ಮರಗಳ ಲೆಕ್ಕ, ಜಖಂಗೊಂಡ ಕಾರುಗಳ ಚಿತ್ರ. ಯಂತ್ರದ ಗರಗಸ ಬಂದು ಬೊಡ್ಡೆಯನ್ನು ಲಾರಿಗೆ ಏರಿಸಲು ಅನುಕೂಲವಾಗುವ ಅಳತೆಗೆ ತುಂಡರಿಸುತ್ತದೆ. ಆ ಮರ ಯಾವುದಕ್ಕೆ ಒದಗೀತು ಎಂದು ಯಾರೂ ಕೇಳುವುದಿಲ್ಲ. ತುಂಡುಗಳು ಕೆಲವು ದಿನ ಫುಟ್‌ಪಾತಿನಲ್ಲಿ ನೆನೆದು, ಬಹುಪಾಲು ಸೌದೆಯಾಗಿ ಹೋಗುತ್ತವೆ. ಜೂನ್ 5 ಬಂತೆಂದರೆ ಅದೇ ಬೀದಿಯಲ್ಲಿ ಸಸಿ ನೆಡುವ ಸಮಾರಂಭ. ನೆಡುವವರಿಗೂ ಕಡಿಯುವವರಿಗೂ ನಮ್ಮಲ್ಲಿ ಬರವಿಲ್ಲ. ನಡುವಿನ ಐವತ್ತು ವರ್ಷ ಮರವನ್ನು ನೋಡಿಕೊಂಡು, ಅದರ ಆಯುಸ್ಸು ಮುಗಿದಾಗ ಹಲಗೆಯನ್ನೋ ಹಿಡಿಯನ್ನೋ ಮಾಡಬಲ್ಲವನಿಗೆ ಮಾತ್ರ ಬರ. ಆ ವಿದ್ಯೆಯನ್ನು ಊರಿನ ಮಕ್ಕಳಿಗೆ ಕ್ರಮವಾಗಿ ಕಲಿಸದೆ ನಗರದ ಹಸಿರು ಉಳಿಯುವುದಿಲ್ಲ ಎಂಬುದು ನನ್ನ ವಾದ. ಕಲಿಸಲು ಯಲಹಂಕದ ಬಳಿಯ ಅಲ್ಲಾಳಸಂದ್ರದ ಸುತ್ತಮುತ್ತಲಿಗಿಂತ ಒಳ್ಳೆಯ ಜಾಗ ಬೆಂಗಳೂರಿನಲ್ಲಿ ಸಿಗುವುದು ಕಷ್ಟ.

1980ರ ದಶಕದಲ್ಲಿ ಅರಣ್ಯಾಧಿಕಾರಿ ಸೇತುರಾಮ ನೇಗಿನಹಾಳರ ಮುಂದಾಳತ್ವದಲ್ಲಿ ಈ ನಗರದಲ್ಲಿ ಸುಮಾರು 15 ಲಕ್ಷ ಸಸಿ ನೆಟ್ಟರು. ದೇಶದಲ್ಲೇ ಮಾದರಿ ಎನಿಸಿದ ಕೆಲಸ ಅದು. ಆ ಮರಗಳಲ್ಲಿ ಉಳಿದವುಗಳಿಗೆ ಈಗ ನಲವತ್ತು ದಾಟಿದೆ. ಇಷ್ಟರಲ್ಲಿ ಚರಂಡಿಗೆಂದು ಬೇರು ಕತ್ತರಿಸಿದೆವು, ಬುಡದವರೆಗೂ ಕಾಂಕ್ರೀಟ್ ಸುರಿದೆವು, ವಿದ್ಯುತ್ ತಂತಿ ಇರುವ ಮಗ್ಗುಲಿನ ಕೊಂಬೆಗಳನ್ನು ಮಾತ್ರ ವರ್ಷವರ್ಷ ಕೊಚ್ಚಿದೆವು. ಒಂದೇ ಕಡೆ ಭಾರ ಹೊತ್ತ ಮರ ಗಾಳಿಗೆ ಬಿದ್ದರೆ ದೋಷ ಗಾಳಿಯದಲ್ಲ. ಕೊಂಬೆ ಸವರುವುದಕ್ಕೂ ಒಂದು ಕ್ರಮವಿದೆ. ಮೊದಲು ಬೊಡ್ಡೆಯಿಂದ ಒಂದು ಗೇಣು ಆಚೆ ಕೊಂಬೆಯ ಅಡಿಭಾಗಕ್ಕೆ ಕಚ್ಚು ಹಾಕಬೇಕು, ಇಲ್ಲದಿದ್ದರೆ ಕೊಂಬೆ ತನ್ನ ಭಾರಕ್ಕೆ ಮುರಿದು ಬೊಡ್ಡೆಯ ತೊಗಟೆಯನ್ನು ಸಿಗಿದುಕೊಂಡು ಬೀಳುತ್ತದೆ. ಆಮೇಲೆ ಕಚ್ಚಿಗಿಂತ ತುಸು ಹೊರಗೆ, ಮೇಲಿನಿಂದ ಕೊಯ್ದು ಭಾರ ಇಳಿಸಬೇಕು. ಕೊನೆಗೆ ಉಳಿದ ಮೋಟನ್ನು, ಕೊಂಬೆ ಬೊಡ್ಡೆಗೆ ಸೇರುವಲ್ಲಿ ಬಳೆಯಂತೆ ಉಬ್ಬಿದ ಭಾಗಕ್ಕೆ ಏಟಾಗದಂತೆ ತೆಗೆಯಬೇಕು. ಗಾಯವನ್ನು ಮುಚ್ಚುವ ಹೊಸ ತೊಗಟೆ ಬೆಳೆಯುವುದು ಆ ಬಳೆಯಿಂದಲೇ. ಉದ್ದ ಮೋಟು ಬಿಟ್ಟರೆ ಅದು ಕೊಳೆತು, ಕೊಳೆ ಒಳಗಿಳಿದು, ಹತ್ತು ವರ್ಷದ ಮೇಲೆ ಬೊಡ್ಡೆಯೇ ಟೊಳ್ಳಾಗುತ್ತದೆ. ಗುತ್ತಿಗೆದಾರ ದಿನಗೂಲಿಗೆ ಕರೆತಂದ ಹುಡುಗನಿಗೆ ಇದನ್ನು ಯಾರೂ ಹೇಳಿಕೊಟ್ಟಿಲ್ಲ.

ಮರವನ್ನು ಮುಟ್ಟದೆ ಬಿಡುವುದೇ ಸಂರಕ್ಷಣೆ ಎಂಬ ನಂಬಿಕೆ ನಗರದ ಪರಿಸರಪ್ರಿಯರಲ್ಲಿ ಗಟ್ಟಿಯಾಗಿದೆ. ಕಡಿಯುವವರ ಭರಾಟೆ ನೋಡಿದರೆ ಆ ನಂಬಿಕೆ ಸಹಜವೇ. ಆದರೆ ಕರ್ನಾಟಕದ ಅನುಭವ ಬೇರೆ ಹೇಳುತ್ತದೆ. 1792ರಲ್ಲಿ ಟಿಪ್ಪು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ ಮೇಲೆ ಎರಡು ಶತಮಾನ ಅದು ಸರ್ಕಾರದ ಸೊತ್ತಾಗಿತ್ತು. ರೈತನ ಹೊಲದಲ್ಲಿ ಹುಟ್ಟಿದ ಗಿಡ ರೈತನದಲ್ಲ, ಕಳುವಾದರೆ ತಲೆನೋವು ಮಾತ್ರ ಅವನದು. ಹಾಗಾಗಿ ಬದುವಿನ ಮೇಲೆ ಗಂಧದ ಸಸಿ ಕಂಡರೆ ಕಿತ್ತೆಸೆಯುವುದೇ ಕ್ಷೇಮ ಎನಿಸಿತು. 2001ರ ತಿದ್ದುಪಡಿ ಮರವನ್ನು ಜಮೀನಿನ ಒಡೆಯನಿಗೆ ಕೊಟ್ಟ ಮೇಲಷ್ಟೇ ಜನ ಗಂಧ ಬೆಳೆಯಲು ಮುಂದೆ ಬಂದರು. ಚನ್ನಪಟ್ಟಣದ ಗೊಂಬೆಯದು ಇನ್ನೊಂದು ಬಗೆಯ ಪಾಠ. ಆಲೆ ಮರದ ತುಂಡು ಲೇತ್‌ನಲ್ಲಿ ಗಿರ್ರನೆ ತಿರುಗುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಮೇಲೆ ತಾಳೆಗರಿ ಒತ್ತಿದರೆ ಹೊಳಪು. ಈ ಕುಸುರಿಗೆ ಭೌಗೋಳಿಕ ಗುರುತು ಸಿಕ್ಕಿದೆ, ರಾಷ್ಟ್ರಮಟ್ಟದ ಮೆಚ್ಚುಗೆ ಸಿಕ್ಕಿದೆ. ಆಲೆ ಮರವನ್ನು ಬೆಳೆಸುವವರಿಗೆ ಮಾತ್ರ ಏನೂ ಸಿಕ್ಕಿಲ್ಲ. ಈಗ ರಬ್ಬರ್, ಸಿಲ್ವರ್ ಓಕ್ ಮರಗಳೂ ಲೇತ್‌ಗೆ ಏರುತ್ತಿವೆ. ಬುಡ ಉಳಿಸಿ ಕಡಿದರೆ ಆಲೆ ಮತ್ತೆ ಚಿಗುರುತ್ತದೆ. ಅದನ್ನು ಸರದಿ ಮೇಲೆ ಕಡಿಯುವ ತೋಪುಗಳಾಗಿ ಬೆಳೆಸಲು ಅಡ್ಡಿಯೇನೂ ಇರಲಿಲ್ಲ.

ಸರದಿ ಮೇಲೆ ಕಡಿದು ಚಿಗುರಿಸುವುದು ಹೊಸ ಮಾತೂ ಅಲ್ಲ. ಇಂಗ್ಲೆಂಡಿನ ಸಫೊಕ್ ಪ್ರಾಂತ್ಯದ ಬ್ರಾಡ್‌ಫೀಲ್ಡ್ ಕಾಡನ್ನು 1252ರಿಂದಲೂ ಹೀಗೆ ಕಡಿಯುತ್ತ ಬಂದಿದ್ದಾರೆ, ಕಾಡು ಇನ್ನೂ ಇದೆ. ನಮ್ಮ ಉತ್ತರ ಕನ್ನಡದ ಸೊಪ್ಪಿನ ಬೆಟ್ಟಗಳದೂ ಇಂಥದೇ ಲೆಕ್ಕ: ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ, ಅಲ್ಲಿಂದ ಸೊಪ್ಪು, ದರಕು (ಒಣ ಎಲೆ). ಹದವರಿತು ಸವರಿದ ಕಡೆ ಬೆಟ್ಟ ಕಾಡಾಗಿಯೇ ಉಳಿಯಿತು, ಆಸೆಬುರುಕತನಕ್ಕೆ ಸಿಕ್ಕಿದ್ದು ಬೋಳಾಯಿತು. ಹಕ್ಕೊಂದೇ ಸಾಲದು, ಹದವೂ ಬೇಕು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಹುಡುಕಬೇಕಿಲ್ಲ.

ಇನ್ನು ಅಲ್ಲಾಳಸಂದ್ರದ ಮಾತು. ಅಲ್ಲೇ ಬಳ್ಳಾರಿ ರಸ್ತೆಯಲ್ಲಿ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ. 2010ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾದ ನೆಲ ಅಲ್ಲಿದೆ. ಅದೇ ರಸ್ತೆಯಲ್ಲಿ ಮೇಲೆ ಹೋದರೆ ದೇವನಹಳ್ಳಿ ಬಳಿಯ ನಲ್ಲೂರು ಹುಣಸೆ ತೋಪು, 54 ಎಕರೆ, 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾದದ್ದು. ಇತ್ತ ಯಲಹಂಕದ ಪಕ್ಕದಲ್ಲೇ ಜಾರಕಬಂಡೆ ಕಾವಲ್ ಅರಣ್ಯ. ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ. 1938ರಲ್ಲಿ ಮೈಸೂರು ಸಂಸ್ಥಾನ ಕಟ್ಟಿದ ಅರಣ್ಯ ಪ್ರಯೋಗಾಲಯವೇ ಅದರ ಮೂಲ. ಜಕ್ಕೂರು ಕಡೆಗಿರುವ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ 2004ರಿಂದ ಮಲೆ ಮಹದೇಶ್ವರ ಬೆಟ್ಟದ ಸೋಲಿಗರ ಜೊತೆ ಲಂಟಾನದ ಪೀಠೋಪಕರಣ ಮಾಡಿಸಿದ್ದು ಬಲ್ಲವರಿಗೆ ಗೊತ್ತು. ಬೆಟ್ಟವನ್ನೆಲ್ಲ ನುಂಗಿದ ಆ ಕಳೆಯ ಕಾಂಡವನ್ನು ನೀರಲ್ಲಿ ಕುದಿಸಿ, ತೊಗಟೆ ಸುಲಿದು, ಬಿಸಿ ಇರುವಾಗಲೇ ಬಗ್ಗಿಸಿ ಕುರ್ಚಿ ಕಟ್ಟುತ್ತಾರೆ. ಇದರಿಂದ ಕಾಡಿನ ಲಂಟಾನ ಮುಗಿಯಿತೇ? ಇಲ್ಲ, ಕುರ್ಚಿ ಮಾಡಿ ಮುಗಿಸುವ ಕಳೆಯಲ್ಲ ಅದು. ತರಗು ಬೆಂಕಿ ಹಾಕುವ ತಮ್ಮ ಪದ್ಧತಿಯನ್ನು ನಿಲ್ಲಿಸಿದ ಮೇಲೆಯೇ ಲಂಟಾನ ಹೆಚ್ಚಿತು ಎಂದು ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೇಳುತ್ತ ಬಂದಿದ್ದಾರೆ. ಕಸುಬು ಮತ್ತು ಕಾಡಿನ ನಿರ್ವಹಣೆ ಒಂದೇ ಕೈಯಲ್ಲಿ ಇರಬೇಕು ಎನ್ನುವುದು ಇದಕ್ಕೇ.

ವಿಜ್ಞಾನ ಒಂದು ಕಡೆ, ತೋಪು ಒಂದು ಕಡೆ, ಬಿದ್ದ ಮರ ರಸ್ತೆಯ ಮೇಲೆ. ಇವನ್ನು ಕೂಡಿಸುವ ಒಂದು ವರ್ಷದ ಶಾಲೆ ಬೇಕು. ಅಲ್ಲಿ ಸಸಿಯ ಆರೈಕೆ, ಮರ ಹತ್ತಿ ಸವರುವುದು, ಬೊಡ್ಡೆಯ ಚೇಗು ಗುರುತಿಸುವುದು, ಹಲಗೆ ಸೀಳಿ ಒಣಗಿಸುವುದು, ಉಳಿ ಬಾಚಿ ಹಿಡಿಯುವುದು, ಬಿದಿರು ಸಿಗಿದು ಹೆಣೆಯುವುದು ಎಲ್ಲ ಒಟ್ಟಿಗೆ ಕಲಿಸಬೇಕು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆ ಇದೆಯಲ್ಲ ಎನ್ನಬಹುದು. ಬಡಗಿ, ಬುಟ್ಟಿ ಹೆಣೆಯುವವರು, ಗೊಂಬೆ ಮಾಡುವವರು ಸೇರಿ 18 ಕಸುಬುಗಳಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ. ಒಳ್ಳೆಯದೇ. ಆದರೆ ಮೂಲ ತರಬೇತಿ ಐದರಿಂದ ಏಳು ದಿನ. ಕಸುಬು ಬಲ್ಲವನಿಗೆ ಅದು ಆಸರೆಯಾದೀತು, ಹೊಸಬನಿಗೆ ಉಳಿ ಮಸೆಯುವಷ್ಟರಲ್ಲಿ ವಾರ ಮುಗಿದಿರುತ್ತದೆ.

ಇದಕ್ಕಿಂತ ಗಂಭೀರವಾದ ಆಕ್ಷೇಪವೊಂದಿದೆ. ಕಸುಬನ್ನು ಹೊಗಳುವುದೆಂದರೆ ಬಡಗಿಯ ಮಗ ಬಡಗಿಯಾಗಿಯೇ, ಮೇದಾರರ ಮಗಳು ಬುಟ್ಟಿ ಹೆಣೆಯುತ್ತಲೇ ಇರಲಿ ಎಂದಂತಲ್ಲವೇ? ಈ ನಾಡಿನಲ್ಲಿ ಆ ಅನುಮಾನಕ್ಕೆ ಕಾರಣವಿದೆ, ಕುಲಕಸುಬಿನ ಹೆಸರಿನಲ್ಲಿ ಮಕ್ಕಳನ್ನು ಓದಿನಿಂದ ದೂರವಿಟ್ಟ ಚರಿತ್ರೆ ನಮ್ಮದು. ವಿದ್ಯೆ ಮನೆಯೊಳಗೆ ಉಳಿದಷ್ಟು ಕಾಲ ಅದು ಜಾತಿಯ ಗುರುತಾಗಿಯೇ ಇರುತ್ತದೆ. ಅರ್ಜಿ ಹಾಕಿದ ಯಾರೇ ಆದರೂ ಕಲಿಯಬಹುದಾದ ಶಾಲೆಗೆ ಬಂದಾಗ, ಪ್ರಮಾಣಪತ್ರವೂ ಸಂಬಳದ ದರ್ಜೆಯೂ ಸಿಕ್ಕಾಗ ಅದು ವೃತ್ತಿಯಾಗುತ್ತದೆ. ಪರಂಪರೆಯಿಂದ ಬಲ್ಲವರು ಅಲ್ಲಿ ಕಲಿಯಲು ಬರಬೇಕಿಲ್ಲ, ಕಲಿಸಲು ಬರಲಿ, ಪ್ರಾಧ್ಯಾಪಕರಿಗೆ ಕೊಡುವ ಮರ್ಯಾದೆಯಿಂದ, ತಿಂಗಳ ಸಂಬಳಕ್ಕೆ. ಅದಿಲ್ಲದಿದ್ದರೆ ಆಕ್ಷೇಪ ಎತ್ತುವವರ ಮಾತೇ ನಿಜವಾಗುತ್ತದೆ.

ಮರಕ್ಕೆ ಬೆಲೆ ಕಟ್ಟಿದರೆ ಕಳ್ಳರು ಹುಟ್ಟುತ್ತಾರೆ ಎಂಬ ಭಯವೂ ಇದೆ. ಅದಕ್ಕೇ ಬಿದ್ದ ಮರಗಳಿಂದ ಶುರು ಮಾಡುವುದು ಮೇಲು. ಮಳೆಮರ, ಮಹಾಗನಿ, ಸಿಲ್ವರ್ ಓಕ್ ಯಾವುದೂ ಒಲೆಗೆ ಹಾಕುವ ಮರಗಳಲ್ಲ. ಆದರೆ ಮಳೆಯಲ್ಲಿ ಬಿದ್ದ ಬೊಡ್ಡೆ ನೆಲದ ಮೇಲೆ ಹೆಚ್ಚು ದಿನ ತಡೆಯುವುದಿಲ್ಲ, ಹುಳು ಬೀಳುತ್ತದೆ. ಕೂಡಲೇ ಸೀಳಿ, ನಡುವೆ ರೀಪರ್ ಪಟ್ಟಿ ಇಟ್ಟು, ನೆರಳಲ್ಲಿ ಪೇರಿಸಬೇಕು. ಐದು ಪಾಲಿಕೆಗಳಾಗಿ ಒಡೆದಿರುವ ನಗರಾಡಳಿತ ಉತ್ತರ ಭಾಗದ ಬಿದ್ದ ಮರಗಳನ್ನು ಒಂದು ವರ್ಷದ ಮಟ್ಟಿಗೆ ಹರಾಜಿಗೆ ಹಾಕದೆ ಈ ಶಾಲೆಯ ಅಂಗಳಕ್ಕೆ ಕಳಿಸಲಿ. ಪ್ರತಿ ಬೊಡ್ಡೆಗೂ ಬಿದ್ದ ಬೀದಿಯ ಹೆಸರು, ದಿನಾಂಕ, ಜಾತಿ ಬರೆದ ನಂಬರು ಹೊಡೆದರೆ ಕದ್ದ ಮರ ಒಳಗೆ ನುಸುಳುವ ದಾರಿ ಕಿರಿದಾಗುತ್ತದೆ. ಹರಾಜಿನಿಂದ ಈಗ ಬರುವ ಹಣವೆಷ್ಟು, ಹಲಗೆಯಾಗಿ ಮಾರಿದರೆ ಬರುವುದೆಷ್ಟು ಎಂಬ ಲೆಕ್ಕವೂ ಆಗ ಸಾರ್ವಜನಿಕರ ಮುಂದೆ ಬರುತ್ತದೆ. ಮುಂದಿನ ಏಪ್ರಿಲ್ ಒಳಗೆ ಇದಕ್ಕೆ ಬೇಕಾದದ್ದು ಒಂದು ಸುತ್ತೋಲೆ, ಒಂದು ಛಾವಣಿ, ಒಂದು ಸೀಳುವ ಯಂತ್ರ.