ಕರೆಯುವ ಹಕ್ಕು, ಒಲ್ಲೆ ಎನ್ನುವ ಹಕ್ಕು

ಮತಾಂತರದ ಮಾತು ಬಂದಾಗ ನಮ್ಮ ನಡುವೆ ಕೇಳಿಸುವುದು ಎರಡು ಮಾತು. ಯಾರಾದರೂ ಇಸ್ಲಾಂ ಸ್ವೀಕರಿಸಿದರೆ ಅದು ಹಿದಾಯತ್. ಯಾರಾದರೂ ಕ್ರೈಸ್ತರಾದರೆ, "ದುಡ್ಡು ಕೊಟ್ಟಿರುತ್ತಾರೆ ಬಿಡು". ಹಲವು ಸಲ ಎರಡನ್ನೂ ಹೇಳುವವರು ಒಬ್ಬರೇ. ಕೊಳ್ಳುವಾಗ ಒಂದು ತೂಕದ ಕಲ್ಲು, ಮಾರುವಾಗ ಇನ್ನೊಂದು ಕಲ್ಲು ಇಟ್ಟುಕೊಂಡ ಅಂಗಡಿಯವನನ್ನು ನಾವು ಮೋಸಗಾರ ಎನ್ನುತ್ತೇವೆ. ಅಂಥವರ ಬಗ್ಗೆ ಕುರ್‌ಆನ್‌ನಲ್ಲಿ ಅಲ್ ಮುತಫ್ಫಿಫೀನ್ ಎಂಬ ಒಂದು ಅಧ್ಯಾಯವೇ ಇದೆ. ಧರ್ಮದ ವಿಷಯದಲ್ಲೂ ನಮ್ಮ ತಕ್ಕಡಿ ಒಂದೇ ಆಗಿರಬೇಕು ಎಂಬುದು ನನ್ನ ಅಭಿಪ್ರಾಯ.

ನಮ್ಮ ಮನೆಯ ಉರ್ದುವಿನಲ್ಲಿ 'ದಾವತ್' ಎಂಬ ಪದಕ್ಕೆ ಎರಡು ಅರ್ಥ. ಮದುವೆ ಊಟಕ್ಕೆ ಕರೆಯುವುದೂ ದಾವತ್, ದೀನ್‌ಗೆ ಕರೆಯುವುದೂ ದಾವತ್. ಊಟಕ್ಕೆ ಕರೆದವರು ಬರದಿದ್ದರೆ ಅವರ ಮನೆಗೆ ಹೋಗಿ ಯಾರೂ ಜಗಳ ಮಾಡುವುದಿಲ್ಲ. ಕರೆಯುವುದು ನಮ್ಮ ಕೆಲಸ, ಬರುವುದು ಬಿಡುವುದು ಅವರ ಇಷ್ಟ. ಧರ್ಮದಲ್ಲಿ ಬಲವಂತದ ಬಗ್ಗೆ ಸೂರಃ ಅಲ್ ಬಕರಃದ 256ನೇ ಆಯತ್ ಏನು ಹೇಳುತ್ತದೆ ಎಂದು ಇಲ್ಲಿ ಬಹಳಷ್ಟು ಜನರಿಗೆ ಬಾಯಿಪಾಠ ಬರುತ್ತದೆ. ಹಾಗಿದ್ದರೆ ಬಸ್ ಸ್ಟ್ಯಾಂಡಿನಲ್ಲಿ ಯೇಸುವಿನ ಬಗ್ಗೆ ಕರಪತ್ರ ಹಂಚುವವರನ್ನು ಕಂಡರೆ ನಮಗೆ ಸಿಟ್ಟು ಏಕೆ ಬರಬೇಕು? ಅವರು ಮಾಡುತ್ತಿರುವುದೂ ದಾವತ್ತೇ.

ಈ ಹಕ್ಕು ಸಂವಿಧಾನದ್ದು. 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯದ ಜೊತೆಗೆ ಧರ್ಮವನ್ನು ನಂಬುವ, ಆಚರಿಸುವ ಮತ್ತು ಪ್ರಚಾರ ಮಾಡುವ ಹಕ್ಕನ್ನು ಕೊಡುತ್ತದೆ. 'ಪ್ರಚಾರ' ಎಂಬ ಒಂದು ಪದದ ಮೇಲೆ 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ದೊಡ್ಡ ಚರ್ಚೆ ನಡೆಯಿತು. ಆ ಪದ ಬೇಡ, ಧರ್ಮ ಖಾಸಗಿಯಾಗಿರಲಿ ಎಂದು ತಿದ್ದುಪಡಿ ತಂದವರು ಬಿಹಾರದ ತಜಮ್ಮುಲ್ ಹುಸೇನ್, ಒಬ್ಬ ಮುಸ್ಲಿಂ ಸದಸ್ಯರು. ಆ ಪದ ಇರಲಿ ಎಂದು ವಾದಿಸಿದವರಲ್ಲಿ ಟಿ.ಟಿ. ಕೃಷ್ಣಮಾಚಾರಿ ಒಬ್ಬರು. ತಾನು ಹದಿನಾಲ್ಕು ವರ್ಷ ಕ್ರೈಸ್ತ ಸಂಸ್ಥೆಗಳಲ್ಲಿ ಓದಿದರೂ ತನ್ನನ್ನು ಮತಾಂತರಿಸಲು ಯಾರೂ ಯತ್ನಿಸಲಿಲ್ಲ ಎಂದು ಅವರು ಹೇಳಿದರು. ಕೊನೆಗೆ ಪದ ಉಳಿಯಿತು. ಆದರೆ 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಗೆರೆ ಎಳೆಯಿತು. ತನ್ನ ಧರ್ಮದ ತತ್ವಗಳನ್ನು ವಿವರಿಸಿ ಹರಡುವ ಹಕ್ಕು ಇದೆ, ಇನ್ನೊಬ್ಬರನ್ನು ಮತಾಂತರಿಸುವುದು ಹಕ್ಕಲ್ಲ ಎಂದಿತು. ಬದಲಾಗುವ ತೀರ್ಮಾನ ಕೇಳುವವರದು ಎಂದು ನಾನು ಇದನ್ನು ಅರ್ಥಮಾಡಿಕೊಂಡಿದ್ದೇನೆ.

ಕರ್ನಾಟಕಕ್ಕೆ ಬಂದ ಕ್ರೈಸ್ತ ಪ್ರಚಾರಕರಿಂದ ನಮಗೆ ಏನು ಸಿಕ್ಕಿತು ಎಂಬುದನ್ನೂ ನೋಡಬೇಕು. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಬಂದ ಉದ್ದೇಶ ಧರ್ಮಪ್ರಚಾರ. ಅದನ್ನು ಅವರು ಮುಚ್ಚಿಡಲಿಲ್ಲ. ಅದೇ ಮಿಷನ್‌ನ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಆರಂಭಿಸಿದರು. ಕನ್ನಡದ ಮೊದಲ ಪತ್ರಿಕೆ ಅದು. ನಾವು ಹೊರತರುವ ಈ ನಾಲ್ಕು ಪುಟಕ್ಕೂ ಅದೇ ಮುತ್ತಜ್ಜ. ಕಿಟೆಲ್ ಅವರ ನಿಘಂಟು 1894ರಲ್ಲಿ ಪ್ರಕಟವಾಯಿತು. ಕನ್ನಡಿಗರು ಪತ್ರಿಕೆ ಓದಿದರು, ನಿಘಂಟು ಬಳಸಿದರು. ಬಹುಪಾಲು ಜನ ತಮ್ಮ ಧರ್ಮದಲ್ಲೇ ಉಳಿದರು. ಕೇಳಿ, ಒಲ್ಲೆ ಎನ್ನುವ ಶಕ್ತಿ ಜನರಿಗೆ ಇದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಕ್ರೈಸ್ತರಾದವರ ಕಥೆ ಬೇರೆ. ಅವರಲ್ಲಿ ಅನೇಕರನ್ನು ಮನೆಯವರು, ಜಾತಿಯವರು ಹೊರಗಿಟ್ಟರು. ದುಡಿಮೆಯೂ ಹೋಯಿತು. ಅಂಥವರಿಗೆ ಕೆಲಸ ಕೊಡಲು ಮಿಷನ್ ನೇಯ್ಗೆ ಶುರುಮಾಡಿತು, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಇದು ಆಮಿಷವೋ ಆಸರೆಯೋ? ಹೊರಗಿನಿಂದ ನೋಡುವವರಿಗೆ ಆಮಿಷ, ಬೀದಿಗೆ ಬಿದ್ದವರಿಗೆ ಆಸರೆ.

ಕರ್ನಾಟಕದಲ್ಲಿ 2022ರಲ್ಲಿ ಬಂದ ಕಾಯ್ದೆ ಇದಕ್ಕೆ ಸುಲಭವಾಗಿ ಉತ್ತರ ಕೊಟ್ಟುಬಿಟ್ಟಿತು. ಮತಾಂತರಕ್ಕಾಗಿ ಕೊಡುವ ಉಡುಗೊರೆ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಎಲ್ಲವೂ ಅದರಲ್ಲಿ ಆಮಿಷವೇ. ಒಂದು ಧರ್ಮವನ್ನು ಇನ್ನೊಂದಕ್ಕಿಂತ ಹೆಚ್ಚೆಂದು ಹೊಗಳುವುದೂ ಆಮಿಷದ ಪಟ್ಟಿಯಲ್ಲಿದೆ. ಹಾಗಾದರೆ ಯಾವ ಪಾದ್ರಿ, ಯಾವ ಮೌಲಾನಾ ತಪ್ಪಿಸಿಕೊಳ್ಳಬಲ್ಲರು? ಮತಾಂತರವಾಗುವವರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು. ತಾನು ತಪ್ಪು ಮಾಡಿಲ್ಲ ಎಂದು ಆರೋಪಿಯೇ ಸಾಬೀತು ಮಾಡಬೇಕು. ಹಿಂದಿನ ಧರ್ಮಕ್ಕೆ ಮರಳಿದರೆ ಮಾತ್ರ ಅದು ಮತಾಂತರವೇ ಅಲ್ಲ. ಇಲ್ಲೂ ಎರಡು ತೂಕದ ಕಲ್ಲು! 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಈ ಕಾಯ್ದೆಯನ್ನು ಹಿಂಪಡೆಯಲು ತೀರ್ಮಾನಿಸಿದಾಗ ನಮ್ಮ ಮೊಹಲ್ಲಾದಲ್ಲೂ ಜನ ಸಂತೋಷಪಟ್ಟರು.

ಹಾಗೆಂದು ಯಾರು ಹೇಗೆ ಬೇಕಾದರೂ ಮತಾಂತರಿಸಬಹುದೆ? ಖಂಡಿತ ಇಲ್ಲ. ಅಳತೆಗೋಲು ವಾಣಿಜ್ಯ ವಿಭಾಗದವರ ಕೈಯಲ್ಲೇ ಇದೆ. ಬಿ.ಕಾಂ. ಓದುವ ನನ್ನ ಆಪಾ ಬಳಿ 1872ರ ಕರಾರು ಕಾಯ್ದೆಯ ಪುಸ್ತಕವಿದೆ. ಬೆದರಿಕೆ, ವಂಚನೆ, ಸುಳ್ಳು ವಿವರಣೆ, ಅನುಚಿತ ಪ್ರಭಾವ ಇವುಗಳಿಂದ ಪಡೆದ ಒಪ್ಪಿಗೆ ಮುಕ್ತ ಒಪ್ಪಿಗೆಯಲ್ಲ ಎನ್ನುತ್ತದೆ ಅದು. ಇವುಗಳಲ್ಲಿ ಅನುಚಿತ ಪ್ರಭಾವವೇ ನಾವು ಯೋಚಿಸಬೇಕಾದದ್ದು. ಇನ್ನೊಬ್ಬರ ಮನಸ್ಸನ್ನು ಆಳುವ ಸ್ಥಾನದಲ್ಲಿರುವವರು ಆ ಸ್ಥಾನವನ್ನು ಬಳಸಿ ಅನ್ಯಾಯವಾಗಿ ಲಾಭ ಪಡೆದರೆ ಅದು ಅನುಚಿತ ಪ್ರಭಾವ. ಹಾಸಿಗೆ ಹಿಡಿದ ರೋಗಿಯ ಮುಂದೆ ವೈದ್ಯರು, ಸಾಲಗಾರನ ಮುಂದೆ ಸಾಲ ಕೊಟ್ಟವರು, ವಿದ್ಯಾರ್ಥಿಯ ಮುಂದೆ ಅಂಕ ಹಾಕುವವರು ಧರ್ಮದ ಕರೆ ಕೊಟ್ಟರೆ ಒಲ್ಲೆ ಎನ್ನುವುದು ಕಷ್ಟ. 'ಇವರು ಬೇಡ ಎಂದರೆ ಏನನ್ನಾದರೂ ಕಳೆದುಕೊಳ್ಳುತ್ತಾರೆಯೆ?' ಎಂದು ಕೇಳಿದರೆ ಸಾಕು. ಏನೂ ಕಳೆದುಕೊಳ್ಳುವುದಿಲ್ಲ ಎಂದಾದರೆ ಅದು ದಾವತ್.

ಈ ಪ್ರಶ್ನೆಯನ್ನು ಮಿಷನ್ ಆಸ್ಪತ್ರೆಗೆ ಕೇಳುವ ನಾವು ನಮ್ಮನ್ನೂ ಕೇಳಿಕೊಳ್ಳಬೇಕು. ನಮ್ಮದು ಮುಸ್ಲಿಂ ಆಡಳಿತದ ಕಾಲೇಜು. ಹಿಂದೂ, ಕ್ರೈಸ್ತ ಸಹಪಾಠಿಗಳು ನಮ್ಮನ್ನು ನಂಬಿ ಬಂದಿದ್ದಾರೆ. ಇಲ್ಲಿ ಬಹುಸಂಖ್ಯಾತರು ನಾವೇ. ಹೊರಗೆ ನಮಗೆ ಬೇಕೆನಿಸುವ ನೆಮ್ಮದಿ ಅವರಿಗೆ ಈ ಕಾಂಪೌಂಡಿನ ಒಳಗೆ ಸಿಗಬೇಕು.

ಇನ್ನೂ ಕಷ್ಟದ ಮಾತೊಂದಿದೆ. ನಮ್ಮವರೇ ಒಬ್ಬರು ಬೈಬಲ್ ಓದಿ, ಯೋಚಿಸಿ, ಕ್ರೈಸ್ತರಾಗುತ್ತೇನೆ ಎಂದರೆ? ನನಗೆ ದುಃಖವಾಗುತ್ತದೆ, ವಾದವನ್ನೂ ಮಾಡುತ್ತೇನೆ. ಆದರೆ ಅವರನ್ನು ಮನೆಯಿಂದ ಹೊರಹಾಕುವುದು, ಹೊಡೆಯುವುದು, ಅಂಗಡಿಗೆ ಹೋಗದಂತೆ ಕಟ್ಟುಮಾಡುವುದು ಬಲವಂತವೇ. ಬರುವವರಿಗೆ ಬಾಗಿಲು ತೆರೆದು ಹೋಗುವವರಿಗೆ ಬೀಗ ಹಾಕಿದರೆ ಒಳಗೆ ಉಳಿದವರ ಈಮಾನ್‌ಗೆ ಬೆಲೆ ಎಲ್ಲಿದೆ?

ಕೊನೆಗೆ ಆಡಳಿತ ಮಂಡಳಿಗೆ ಒಂದು ವಿನಂತಿ. ನಮ್ಮ ಗ್ರಂಥಾಲಯದಲ್ಲಿ ಕುರ್‌ಆನ್‌ನ ಕನ್ನಡ ಅನುವಾದ ಇದೆ, ಯಾರು ಬೇಕಾದರೂ ಓದಬಹುದು. ಅದೇ ಕಪಾಟಿನಲ್ಲಿ ಕನ್ನಡ ಬೈಬಲ್‌ನ ಒಂದು ಪ್ರತಿಯನ್ನೂ ಇಡಿಸಿ. ಓದುವುದು, ಒಪ್ಪುವುದು, ಬಿಡುವುದು ನಮಗೆ ಬಿಟ್ಟದ್ದು.