ಪವಿತ್ರ ಕಥೆಯ ಎದುರಾಳಿ: ಯೇಸುವಿನ ಪಾಡಿನ ನಾಟಕಗಳೂ ಅಬ್ಬಲೂರಿನ ಪವಾಡವೂ

ಧಾರ್ಮಿಕ ಕಥನವು ತನ್ನ ನಾಯಕನನ್ನು ರೂಪಿಸುವಾಗಲೇ ಅವನ ಎದುರಾಳಿಯನ್ನೂ ರೂಪಿಸುತ್ತದೆ. ಭಕ್ತನ ನಿಷ್ಠೆ, ಹುತಾತ್ಮನ ಯಾತನೆ, ದೈವದ ಮಹಿಮೆ ಇವುಗಳನ್ನು ಕುರಿತು ನಮ್ಮ ಸಾಹಿತ್ಯ ವಿಮರ್ಶೆ ಬಹಳಷ್ಟು ಬರೆದಿದೆ. ಆದರೆ ಎದುರಾಳಿಯ ಸ್ಥಾನದಲ್ಲಿ ನಿಂತ ಸಮುದಾಯವು ಕಥೆ ಮುಗಿದ ಮರುದಿನವೂ ಕೇಳುಗರೊಡನೆ ಅದೇ ಊರಿನಲ್ಲಿ ಬಾಳಬೇಕಾಗುತ್ತದೆ ಎಂಬ ಸಂಗತಿ ವಿಮರ್ಶೆಯ ಪರಿಧಿಗೆ ಬಂದದ್ದು ಕಡಿಮೆ. ಯುರೋಪಿನ ಕ್ರೈಸ್ತರು ಈ ಪ್ರಶ್ನೆಯನ್ನು ಬಹಳ ತಡವಾಗಿ, ಬಹಳ ದೊಡ್ಡ ಬೆಲೆ ತೆತ್ತ ಮೇಲೆ ಎದುರಿಸಿದರು. ಅವರ ಅನುಭವವನ್ನು ಮುಂದಿಟ್ಟುಕೊಂಡು ಕನ್ನಡದ ಶೈವ–ಜೈನ ಸಂಘರ್ಷದ ಕಥನಗಳನ್ನು ನಾವು ಹೇಗೆ ಬೋಧಿಸಬೇಕು ಎಂಬುದನ್ನು ವಿಚಾರಿಸುವುದು ಈ ಬರಹದ ಉದ್ದೇಶ.

ಯೇಸುವಿನ ಬಂಧನ, ವಿಚಾರಣೆ, ಶಿಲುಬೆಯ ಮರಣಗಳನ್ನು ರಂಗದ ಮೇಲೆ ತೋರಿಸುವ ಪ್ರಕಾರಕ್ಕೆ ಪ್ಯಾಶನ್ ಪ್ಲೇ ಎಂಬ ಹೆಸರಿದೆ. ಕನ್ನಡದ ಕಥೋಲಿಕರು ಯೇಸುವಿನ ಯಾತನೆಗೆ 'ಪಾಡು' ಎಂಬ ಅಚ್ಚಗನ್ನಡ ಪದವನ್ನು ಬಳಸುತ್ತಾರೆ. ಆದ್ದರಿಂದ ಇವನ್ನು ಪಾಡಿನ ನಾಟಕಗಳೆಂದು ಕರೆಯಬಹುದು. ಮಧ್ಯಯುಗದ ಯುರೋಪಿನಲ್ಲಿ ಓದು ಬರಹ ಅರಿಯದ ಜನಸಮುದಾಯಕ್ಕೆ ಬೈಬಲಿನ ಕಥೆ ತಲುಪಿದ್ದು ಬಹುಪಾಲು ಚಿತ್ರ, ಶಿಲ್ಪ ಮತ್ತು ಇಂಥ ನಾಟಕಗಳ ಮೂಲಕ. ನೋಡುಗನ ಕಣ್ಣೀರು ಈ ನಾಟಕಗಳ ಗುರಿ. ಆ ಕಣ್ಣೀರಿನ ಬೆನ್ನಲ್ಲೇ 'ಈ ಸ್ಥಿತಿಗೆ ಕಾರಣರಾರು?' ಎಂಬ ಪ್ರಶ್ನೆಯೂ ಬರುತ್ತಿತ್ತು. ಶಿಲುಬೆಯ ಶಿಕ್ಷೆ ವಿಧಿಸಿದವನು ರೋಮನ್ ಅಧಿಕಾರಿ ಪಿಲಾತನೇ ಆದರೂ, ನಾಟಕಗಳು ಅವನನ್ನು ಹಿಂಜರಿಯುವ ಸಜ್ಜನನಂತೆ ಚಿತ್ರಿಸಿ, ದೋಷವನ್ನೆಲ್ಲ ಯೆಹೂದ್ಯ ಪುರೋಹಿತರ ಮೇಲೂ ಗುಂಪಿನ ಮೇಲೂ ಹೊರಿಸಿದವು. ಯೇಸುವೂ ಅವನ ತಾಯಿಯೂ ಶಿಷ್ಯರೂ ಯೆಹೂದ್ಯರೇ ಎಂಬುದು ರಂಗದ ಮೇಲೆ ಮರೆಯಾಯಿತು.

ಇದರ ಪರಿಣಾಮವನ್ನು ಅಂದಿನ ಆಡಳಿತಗಾರರೇ ಬಲ್ಲವರಾಗಿದ್ದರು. ಜರ್ಮನಿಯ ಫ್ರೈಬರ್ಗ್ ನಗರದ ಆಡಳಿತ 1338ರಲ್ಲಿ ನಾಟಕದೊಳಗಿನ ಯೆಹೂದ್ಯ ವಿರೋಧಿ ದೃಶ್ಯಗಳನ್ನು ನಿಷೇಧಿಸಿತು. ಫ್ರಾಂಕ್‌ಫರ್ಟಿನಲ್ಲಿ 1469ರಲ್ಲಿ ನಾಟಕದ ಸಮಯಕ್ಕೆ ಯೆಹೂದ್ಯರ ಕೇರಿಗೆ ವಿಶೇಷ ರಕ್ಷಣೆ ಒದಗಿಸಬೇಕಾಯಿತು. ರೋಮಿನ ಕೊಲೊಸಿಯಮ್‌ನಲ್ಲಿ ನಡೆಯುತ್ತಿದ್ದ ನಾಟಕವನ್ನು 1539ರಲ್ಲಿ ನಿಲ್ಲಿಸಲಾಯಿತು. ನಾಟಕ ನೋಡಿ ಹೊರಬಂದ ಜನ ಯೆಹೂದ್ಯರ ಮೇಲೆ ಎರಗುತ್ತಿದ್ದುದೇ ಅದಕ್ಕೆ ಕಾರಣ. ಶೋಕರಸವು ನೋಡುಗನಲ್ಲಿ ಕರುಣೆಯನ್ನಷ್ಟೇ ಹುಟ್ಟಿಸುವುದಿಲ್ಲ ಎಂಬುದಕ್ಕೆ ಕಾವ್ಯಮೀಮಾಂಸೆಯ ವಿದ್ಯಾರ್ಥಿಗಳು ಈ ಘಟನೆಗಳನ್ನು ನೆನೆಯಬಹುದು.

ಈ ಪ್ರಕಾರದ ಅತಿ ಪ್ರಸಿದ್ಧ ಉದಾಹರಣೆ ಬವೇರಿಯಾದ ಓಬರಾಮರ್‌ಗಾವ್ ಎಂಬ ಹಳ್ಳಿಯದು. 1633ರಲ್ಲಿ ಪ್ಲೇಗಿಗೆ ಸಿಕ್ಕ ಹಳ್ಳಿಗರು, ತಾವು ಉಳಿದರೆ ಯೇಸುವಿನ ಪಾಡನ್ನು ನಿಯತವಾಗಿ ಆಡುವೆವೆಂದು ಹರಕೆ ಹೊತ್ತರು. 1634ರಲ್ಲಿ ಮೊದಲ ಪ್ರದರ್ಶನ ನಡೆಯಿತು. ಹತ್ತು ವರ್ಷಕ್ಕೊಮ್ಮೆ ಆಡುವ ಪದ್ಧತಿ ಇಂದಿಗೂ ಇದೆ. ಭಕ್ತಿಯಿಂದ ಹುಟ್ಟಿದ ಈ ಹರಕೆಯ ನಾಟಕದಲ್ಲಿ ಯೆಹೂದ್ಯ ಪುರೋಹಿತರು ಬಹುಕಾಲ ಕೊಂಬಿನಾಕಾರದ ಶಿರಸ್ತ್ರಾಣ ಧರಿಸಿ ಬರುತ್ತಿದ್ದರು. 1934ರ ಮುನ್ನೂರನೆಯ ವರ್ಷದ ಪ್ರದರ್ಶನಕ್ಕೆ ಹಿಟ್ಲರ್ ಬಂದಿದ್ದ. 1942ರಲ್ಲಿ ತನ್ನ ಆಪ್ತರೊಡನೆ ಮಾತನಾಡುತ್ತ, ಯೆಹೂದ್ಯರ ಅಪಾಯವನ್ನು ತೋರಿಸಿಕೊಡುವ ಈ ನಾಟಕ ಉಳಿಯಬೇಕೆಂದು ಅವನು ಹೇಳಿದ್ದು ದಾಖಲಾಗಿದೆ. ಹಳ್ಳಿಗರು ಹರಕೆ ಹೊತ್ತದ್ದು ಇದಕ್ಕಾಗಿ ಅಲ್ಲ. ಆದರೂ ಅವರ ನಾಟಕವನ್ನು ಹೀಗೆ ಬಳಸಿಕೊಳ್ಳಲು ಸಾಧ್ಯವಾಯಿತು, ಏಕೆಂದರೆ ಬೇಕಾದ ಸಾಮಗ್ರಿ ಅದರಲ್ಲಿ ಮೊದಲೇ ಇತ್ತು.

ಲಕ್ಷಾಂತರ ಯೆಹೂದ್ಯರ ಹತ್ಯೆಯ ನಂತರ, 1965ರ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 'ನೋಸ್ತ್ರ ಎತಾತೆ' ಎಂಬ ಘೋಷಣೆಯಲ್ಲಿ, ಯೇಸುವಿನ ಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನ ಯೆಹೂದ್ಯರ ಮೇಲಾಗಲಿ ಹೊರಿಸಲಾಗದು ಎಂದು ಸಾರಿತು. ಓಬರಾಮರ್‌ಗಾವ್ ಬದಲಾಗಲು ಆಮೇಲೂ ಕಾಲ ಹಿಡಿಯಿತು. 1970ರ ಪ್ರದರ್ಶನ ಹಳೆಯ ಪಠ್ಯವನ್ನೇ ಬಹುಮಟ್ಟಿಗೆ ಉಳಿಸಿಕೊಂಡಿದ್ದರಿಂದ ಬಹಿಷ್ಕಾರವನ್ನು ಎದುರಿಸಿತು. ಆ ಊರಿನವರೇ ಆದ ಕ್ರಿಸ್ಟಿಯಾನ್ ಸ್ಟುಕ್ಲ್ 1990ರಿಂದ ನಿರ್ದೇಶನ ವಹಿಸಿಕೊಂಡ ಮೇಲೆ ಗಣನೀಯ ಪರಿಷ್ಕಾರಗಳಾದವು. ಯೇಸುವಿನ ರಕ್ತದ ಹೊಣೆ ತಮ್ಮ ಮೇಲೂ ತಮ್ಮ ಮಕ್ಕಳ ಮೇಲೂ ಇರಲಿ ಎಂದು ಗುಂಪು ಕೂಗುವ, ಮತ್ತಾಯನ ಸುವಾರ್ತೆಯಲ್ಲಿನ ಮಾತನ್ನು 2000ದ ಪ್ರದರ್ಶನದಿಂದ ಕೈಬಿಡಲಾಯಿತು. ಇತ್ತೀಚಿನ ಪ್ರದರ್ಶನಗಳಲ್ಲಿ ಯೇಸು ಹೀಬ್ರೂ ಪ್ರಾರ್ಥನೆ ಹೇಳುವ ಯೆಹೂದ್ಯ ಗುರು. ಪುರೋಹಿತರಲ್ಲಿಯೂ ಅವನ ಪರವಾಗಿ ವಾದಿಸುವವರಿದ್ದಾರೆ. ಈ ಬದಲಾವಣೆಗಳು ಬಂದದ್ದು ಯೆಹೂದ್ಯ ಸಂಸ್ಥೆಗಳ ಪ್ರತಿನಿಧಿಗಳೊಡನೆ ಕುಳಿತು ಮಾತನಾಡಿದ ಮೇಲೆ ಎಂಬುದು ಮುಖ್ಯವಾದ ಅಂಶ. ನಾಟಕವನ್ನು ಯಾರೂ ನಿಲ್ಲಿಸಲಿಲ್ಲ, ಹರಕೆಯನ್ನೂ ಮುರಿಯಲಿಲ್ಲ. ಎದುರಾಳಿಯೆಂದು ಚಿತ್ರಿತರಾದವರು ಆ ಚಿತ್ರವನ್ನು ಹೇಗೆ ಕಾಣುತ್ತಾರೆ ಎಂದು ಕೇಳಿದರು, ಅಷ್ಟೆ.

ಕನ್ನಡ ನಾಡಿನಲ್ಲಿಯೂ ಪಾಡಿನ ನಾಟಕಗಳುಂಟು. ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಅಂಥದೊಂದು ಪರಂಪರೆ ಇದೆ. ನಮ್ಮ ಜಿಲ್ಲೆಯ ಮುದಗಲ್ಲಿನಲ್ಲಿ ಹಳೆಯ ಕಥೋಲಿಕ ನೆಲೆಯಿದೆ. ಇಲ್ಲೆಲ್ಲ ಶುಭ ಶುಕ್ರವಾರದಂದು ಶಿಲುಬೆಯ ಹಾದಿಯನ್ನು ಧ್ಯಾನಿಸುವವರಿಗೆ 'ಯೆಹೂದ್ಯರು' ಎಂಬುದು ಗ್ರಂಥದೊಳಗಿನ ಒಂದು ಶಬ್ದ ಮಾತ್ರ. ಪಕ್ಕದ ಓಣಿಯಲ್ಲಿ ಯೆಹೂದ್ಯರ ಮನೆಯಿಲ್ಲ. ಆದ್ದರಿಂದ ಅದೇ ಕಥೆ ಇಲ್ಲಿ ಯಾರನ್ನೂ ನೋಯಿಸಿಲ್ಲ. ಕಥನದ ಅಪಾಯವನ್ನು ಅಳೆಯುವಾಗ ಪಠ್ಯವನ್ನಷ್ಟೇ ನೋಡಿದರೆ ಸಾಲದು, ಆ ಪಠ್ಯ ಎಲ್ಲಿ ಕೇಳಿಬರುತ್ತದೆ, ಅಲ್ಲಿ ನೆರೆಯವರು ಯಾರು ಎಂಬುದನ್ನೂ ನೋಡಬೇಕು. ಹಾಗಾದರೆ ಕನ್ನಡದಲ್ಲಿ, ಎದುರಾಳಿಯ ಸ್ಥಾನದಲ್ಲಿರುವವರು ನಿಜವಾಗಿಯೂ ನೆರೆಯವರಾಗಿರುವ ಕಥೆ ಯಾವುದು?

ಅದಕ್ಕೆ ಉತ್ತರ ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿದೆ. ಅಲ್ಲಿನ ಸೋಮೇಶ್ವರ ದೇವಾಲಯದ, ಸುಮಾರು 1200ರ ಶಾಸನವನ್ನು ಜೆ.ಎಫ್. ಫ್ಲೀಟ್ 'ಎಪಿಗ್ರಾಫಿಯಾ ಇಂಡಿಕಾ'ದ 5ನೆಯ ಸಂಪುಟದಲ್ಲಿ ಪ್ರಕಟಿಸಿದರು. ನಮ್ಮ ಕಲ್ಯಾಣ ಕರ್ನಾಟಕದ ಆಳಂದದಲ್ಲಿ ಹುಟ್ಟಿದ ಏಕಾಂತದ ರಾಮಯ್ಯನು ಅಬ್ಬಲೂರಿಗೆ ಬಂದು, ಜೈನರೊಡನೆ ವಾದಕ್ಕಿಳಿದು, ತನ್ನ ತಲೆಯನ್ನು ಅರಿದು ಶಿವನಿಗೆ ಅರ್ಪಿಸಿ ಮತ್ತೆ ಪಡೆಯುವೆನೆಂದು ಪಣ ತೊಟ್ಟನು. ಗೆದ್ದರೆ ಜೈನರು ತಮ್ಮ ಜಿನಬಿಂಬವನ್ನು ತೆಗೆದು ಶಿವನನ್ನು ಪ್ರತಿಷ್ಠಿಸಬೇಕೆಂದು ಓಲೆ ಬರೆಸಿಕೊಂಡನು. ಏಳನೆಯ ದಿನ ತಲೆ ಮರಳಿ ಕೂಡಿತು. ಜೈನರು ಓಲೆಯ ಮಾತಿಗೆ ತಪ್ಪಲು, ಅವನು ಬಿಂಬವನ್ನು ಒಡೆದನು. ದೂರು ಬಿಜ್ಜಳನವರೆಗೆ ಹೋಯಿತು. ಅವನು ರಾಮಯ್ಯನಿಗೇ ಜಯಪತ್ರ ಕೊಟ್ಟನು. ಇದು ಶಾಸನದ ನಿರೂಪಣೆ. ದೇವಾಲಯದ ಶಿಲ್ಪಪಟ್ಟಿಕೆಗಳು ಇದೇ ಘಟನೆಗಳನ್ನು ಕಿರುಬರಹಗಳೊಡನೆ ತೋರಿಸುತ್ತವೆ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದ ಮೂಲಕ, 1369ರಲ್ಲಿ ರಚಿತವಾದ ಭೀಮಕವಿಯ ಕನ್ನಡ ಬಸವಪುರಾಣದ ಮೂಲಕ ಕಥೆ ನಾಡಿನುದ್ದಕ್ಕೂ ಹಬ್ಬಿತು. ಪುಲಿಗೆರೆಯ ಬಸದಿಯಲ್ಲಿ ಸೋಮನಾಥನನ್ನು ನೆಲೆಗೊಳಿಸಿದ ಆದಯ್ಯನ ಕಥೆ ರಾಘವಾಂಕನ 'ಸೋಮನಾಥ ಚಾರಿತ್ರ'ದಲ್ಲಿ ಇದಕ್ಕೆ ಜೊತೆಯಾಗಿ ನಿಲ್ಲುತ್ತದೆ.

ಪಾಡಿನ ನಾಟಕಕ್ಕೂ ಅಬ್ಬಲೂರಿನ ಕಥೆಗೂ ಇರುವ ರಚನಾಸಾಮ್ಯ ಗಮನಾರ್ಹ. ಎರಡರಲ್ಲಿಯೂ ನಡುವೆ ಇರುವುದು ಗಾಯಗೊಂಡ ಭಕ್ತಶರೀರ. ಎರಡರಲ್ಲಿಯೂ ಸಾವಿನಿಂದ ಮರಳುವ ಪವಾಡ. ಎರಡರಲ್ಲಿಯೂ ಕಣ್ಣಾರೆ ಕಂಡರೂ ಒಪ್ಪದ, ಮಾತಿಗೆ ತಪ್ಪುವ ಪರಸಮಯದವರು. ಕೇಳುಗನ ಮನಸ್ಸಿನಲ್ಲಿ ಉಳಿಯುವುದು ಅಬ್ಬಲೂರಿನ ಸಂಕಗೌಂಡ ಮುಂತಾದ ಕೆಲವರಲ್ಲ, 'ಜೈನರು' ಎಂಬ ಸಮುದಾಯವಾಚಕ. ವ್ಯಕ್ತಿಯ ದೋಷ ಸಮುದಾಯದ ಸ್ವಭಾವವಾಗುವುದು ಈ ಘಟ್ಟದಲ್ಲಿ.

ನಮ್ಮ ಭಾಗದಲ್ಲಿ ಈ ಕಥೆಗಳು ಗ್ರಂಥಾಲಯದಲ್ಲಿ ಮಲಗಿಲ್ಲ. ರಾಯಚೂರು, ಮಾನ್ವಿ, ದೇವದುರ್ಗಗಳ ಮಠಗಳಲ್ಲಿ ಶ್ರಾವಣ ಬಂತೆಂದರೆ ಪುರಾಣ ಹಚ್ಚುತ್ತಾರೆ. ಹಾರ್ಮೋನಿಯಂ, ತಬಲಾಗಳ ಜೊತೆಯಲ್ಲಿ ಶಾಸ್ತ್ರಿಗಳು ಕಥೆ ಬಿಡಿಸುತ್ತಾರೆ. ಮಂಗಲದ ದಿನ ಊರೇ ಸೇರುತ್ತದೆ. ಈ ಪರಂಪರೆ ಸಾಮಾನ್ಯರಿಗೆ ಕಾವ್ಯವನ್ನು ಮುಟ್ಟಿಸಿದ ಬಗೆಯನ್ನು ಯಾವ ವಿಶ್ವವಿದ್ಯಾಲಯವೂ ಸರಿಗಟ್ಟಲಾರದು. ಆದರೆ ರಾಯಚೂರಿನ ಗಂಜಿನಲ್ಲಿ ಅಕ್ಕಪಕ್ಕದ ಅಂಗಡಿಗಳಲ್ಲಿ ಕುಳಿತ ಇಬ್ಬರು ವರ್ತಕರಲ್ಲಿ ಒಬ್ಬರು ಲಿಂಗಾಯತರು, ಇನ್ನೊಬ್ಬರು ಜೈನರು ಆಗಿರುವುದು ಸಾಮಾನ್ಯ. ಅವರ ಮಕ್ಕಳು ಒಂದೇ ತರಗತಿಯಲ್ಲಿ ಕುಳಿತು ಬಸವಪುರಾಣದ ಪಾಠ ಕೇಳುತ್ತಾರೆ. ಅಧ್ಯಾಪಕರು ಜಿನಬಿಂಬ ಒಡೆದ ಭಾಗವನ್ನು 'ವೀರಭಕ್ತಿಯ ಪರಾಕಾಷ್ಠೆ' ಎಂದು ಟಿಪ್ಪಣಿ ಬರೆಸಿ ಮುಂದೆ ಸಾಗಿದರೆ, ಒಬ್ಬ ವಿದ್ಯಾರ್ಥಿ ಅದನ್ನು ಹೆಮ್ಮೆಯಿಂದಲೂ ಇನ್ನೊಬ್ಬ ತಲೆ ತಗ್ಗಿಸಿಯೂ ಬರೆದುಕೊಳ್ಳುತ್ತಾನೆ.

ಇಲ್ಲಿ ಎರಡು ಆಕ್ಷೇಪಗಳನ್ನು ಎದುರಿಸಬೇಕು. ಮೊದಲನೆಯದು, ಯುರೋಪಿನ ಯೆಹೂದ್ಯರ ಪಾಡನ್ನು ಕರ್ನಾಟಕದ ಜೈನರ ಸ್ಥಿತಿಗೆ ಹೋಲಿಸುವುದು ಅತಿರೇಕವಲ್ಲವೇ ಎಂಬುದು. ಪರಿಣಾಮಗಳ ಮಟ್ಟದಲ್ಲಿ ಹೋಲಿಕೆ ಸಲ್ಲದು, ಸಲ್ಲಿಸಲೂಬಾರದು. ಹೋಲಿಕೆ ಇರುವುದು ಕಥನದ ಕಟ್ಟಡದಲ್ಲಿ. ಅದು ಯಾವ ಕೈಗೆ ಸಿಕ್ಕರೆ ಏನಾಗಬಹುದು ಎಂಬ ಎಚ್ಚರಕ್ಕೆ ಅಷ್ಟೇ ಸಾಕು. ಎರಡನೆಯದು, ಜೈನ ಕವಿಗಳೇನು ಕಡಿಮೆಯೇ ಎಂಬುದು. ಈ ಆಕ್ಷೇಪ ನ್ಯಾಯವಾದದ್ದು. 12ನೆಯ ಶತಮಾನದ ಬ್ರಹ್ಮಶಿವನ 'ಸಮಯಪರೀಕ್ಷೆ' ಅನ್ಯಮತಗಳನ್ನು ನಿರ್ದಾಕ್ಷಿಣ್ಯವಾಗಿ ಹಳಿಯುತ್ತದೆ. ವೃತ್ತವಿಲಾಸನ 'ಧರ್ಮಪರೀಕ್ಷೆ'ಯಲ್ಲಿ ವೈದಿಕ ಪುರಾಣಗಳು ನಗೆಪಾಟಲಾಗುತ್ತವೆ. ಜೈನ ವಿದ್ವಾಂಸರು ಅಬ್ಬಲೂರಿನ ಶಿಲ್ಪವನ್ನು ತೋರಿಸಿ ನೊಂದುಕೊಳ್ಳುವಾಗ ಬ್ರಹ್ಮಶಿವನನ್ನು ಕೇವಲ ಹಾಸ್ಯಪ್ರಜ್ಞೆಗಾಗಿ ಹೊಗಳುವುದು ಸರಿಯಲ್ಲ. ಒಂದೇ ಅಳತೆಗೋಲು ಇಬ್ಬರಿಗೂ ಇರಬೇಕು. ಹಾಗೆಯೇ ಅಬ್ಬಲೂರಿನ ಶಾಸನವನ್ನು ಇಂದಿನ ಲಿಂಗಾಯತರ ಮೇಲಿನ ಆಪಾದನಾಪತ್ರವನ್ನಾಗಿ ಓದುವುದು, ಓಬರಾಮರ್‌ಗಾವ್ ಕೈಬಿಟ್ಟ ತಪ್ಪನ್ನೇ ನಾವು ತಿರುಗಿಸಿ ಮಾಡಿದಂತೆ.

ನಮ್ಮಲ್ಲಿ ಸಂಘರ್ಷಕ್ಕೆ ಮಾತ್ರ ದಾಖಲೆ ಇರುವುದೂ ಅಲ್ಲ. ಭೀಮಕವಿ ಬಸವಪುರಾಣ ಮುಗಿಸುವ ಒಂದು ವರ್ಷ ಮುಂಚೆ, 1368ರಲ್ಲಿ, ಆನೆಗೊಂದಿ ಮೊದಲಾದ ಸ್ಥಳಗಳ ಜೈನರು ಶ್ರೀವೈಷ್ಣವ ಭಕ್ತರಿಂದಾದ ಅನ್ಯಾಯವನ್ನು ಬುಕ್ಕರಾಯನಿಗೆ ಬಿನ್ನವಿಸಿದರು. ಆ ಆನೆಗೊಂದಿ ಮೊನ್ನೆಮೊನ್ನೆಯವರೆಗೆ ನಮ್ಮ ರಾಯಚೂರು ಜಿಲ್ಲೆಗೇ ಸೇರಿತ್ತು. ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಆ ಶಾಸನವನ್ನು ಬಸದಿಗಳಲ್ಲೆಲ್ಲ ನೆಡಿಸಲು ಹೇಳಿದನೆಂದು ಶ್ರವಣಬೆಳಗೊಳದ ಕಲ್ಲು ತಿಳಿಸುತ್ತದೆ. 1638ರಲ್ಲಿ ಹಳೇಬೀಡಿನ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆ ಒತ್ತಿದ, ಜೈನರು ಅದನ್ನು ಅಳಿಸಿದ ಪ್ರಕರಣದಲ್ಲಿ ಎರಡೂ ಕಡೆಯ ಹಿರಿಯರು ಕೂಡಿ ಇತ್ಯರ್ಥ ಮಾಡಿದರು. ಜೈನರು ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ ಅನಂತರ ತಮ್ಮ ಪೂಜೆ ನಡೆಸಿಕೊಳ್ಳಬೇಕೆಂಬ ಕರಾರು ಸಮಾನರ ನಡುವಿನದಲ್ಲ ಎಂಬುದು ನಿಜ. ಆದರೂ ಪೂಜೆ ನಿಲ್ಲಲಿಲ್ಲ. ಅದನ್ನು ತಡೆದವನು ಶಿವದ್ರೋಹಿ ಎಂದು ವೀರಶೈವರೇ ಬರೆಸಿಕೊಟ್ಟರು.

ಇದಕ್ಕೂ ಹಿಂದಿನ ಮಾತೊಂದು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1989ರಲ್ಲಿ ದೊರೆಯಿತು. ಅಲ್ಲಿನ ಶಿಲೆಯಲ್ಲಿರುವ ಅಶೋಕನ 12ನೆಯ ಶಾಸನವು ತನ್ನ ಪಂಥವನ್ನು ಹೊಗಳಿ ಪರಪಂಥವನ್ನು ಅಕಾರಣವಾಗಿ ಹಳಿಯುವವನು ತನ್ನ ಪಂಥಕ್ಕೇ ಕೇಡು ಮಾಡುತ್ತಾನೆ ಎನ್ನುತ್ತದೆ. ಪರಧರ್ಮವನ್ನು ಸೈರಿಸುವುದನ್ನೇ ಸಂಪತ್ತೆಂದು ಎಣಿಸುವ ವಿವೇಕ ಕವಿರಾಜಮಾರ್ಗದಲ್ಲಿಯೂ ಇದೆ.

ಹಾಗಾದರೆ ಮಾಡಬೇಕಾದದ್ದೇನು? ಬಸವಪುರಾಣವನ್ನಾಗಲಿ ಸಮಯಪರೀಕ್ಷೆಯನ್ನಾಗಲಿ ಪಠ್ಯದಿಂದ ತೆಗೆಯಬೇಕೆಂದು ನಾನು ಹೇಳಲಾರೆ. ಕತ್ತರಿಸಿದ ಪ್ರಾಚೀನ ಕೃತಿ ಇತಿಹಾಸವನ್ನು ಸುಳ್ಳಾಗಿಸುತ್ತದೆ. ಹೊಸದಾಗಿ ಆಡುವ ನಾಟಕದ, ಹೊಸದಾಗಿ ಹೇಳುವ ಪ್ರವಚನದ ವಿಷಯ ಬೇರೆ. ಅಲ್ಲಿ ಆಯ್ಕೆಯ ಸ್ವಾತಂತ್ರ್ಯವಿದೆ, ಆದ್ದರಿಂದ ಹೊಣೆಯೂ ಇದೆ. ಗಿರೀಶ ಕಾರ್ನಾಡರ 'ತಲೆದಂಡ' (1990) ಪುರಾಣಗಳ ಖಳ ಬಿಜ್ಜಳನಿಗೆ ಮನುಷ್ಯನ ಮುಖ ಕೊಟ್ಟಿತು. ಅದರಿಂದ ಬಸವಣ್ಣನ ಘನತೆ ಕುಂದಲಿಲ್ಲ. ತರಗತಿಯಲ್ಲಿ ರಾಮಯ್ಯನ ಕಥೆಯನ್ನು ಬೋಧಿಸುವ ದಿನ ಅಬ್ಬಲೂರಿನ ಶಾಸನದ ಜೊತೆಗೆ 1368ರ ಮತ್ತು 1638ರ ಶಾಸನಗಳನ್ನೂ ವಿದ್ಯಾರ್ಥಿಗಳ ಕೈಗಿಡಬೇಕು. ಕಥೆಯನ್ನು ಹೇಳುತ್ತಿರುವವರು ಯಾರು, ಅದರೊಳಗೆ ಮಾತು ಸಿಗದವರು ಯಾರು ಎಂದು ಅವರೇ ಗುರುತಿಸುವಂತಾಗಬೇಕು. ಬಸದಿ, ಮಠಗಳ ಹಿರಿಯರು ಈ ಪಠ್ಯಗಳನ್ನು ಜೊತೆಯಾಗಿ ಓದುವ ಒಂದು ಗೋಷ್ಠಿಯನ್ನು ರಾಯಚೂರಿನಲ್ಲೇ ಏರ್ಪಡಿಸಬಹುದು. ಹರಕೆಗೆ ಕಟ್ಟುಬಿದ್ದ ಬವೇರಿಯಾದ ಹಳ್ಳಿಗರು ಮುನ್ನೂರು ವರ್ಷದ ಪಠ್ಯವನ್ನು ನೆರೆಯವರ ಕಣ್ಣಿನಿಂದ ಓದಲು ಒಪ್ಪಿದರು. ಅಂಥ ಯಾವ ಹರಕೆಯೂ ಇಲ್ಲದ ನಮ್ಮ ವಿಶ್ವವಿದ್ಯಾಲಯಗಳಿಗೆ ಆ ಕೆಲಸ ಇನ್ನೂ ಸುಲಭವಾಗಬೇಕು.