ಅಂಗೈ ಯಂತ್ರವನ್ನು ಅಳೆಯುವ ಬಗೆ

2025ರ ಜುಲೈನಲ್ಲಿ ಸ್ಯಾಮ್‌ಸಂಗ್ ಕಂಪೆನಿಯ ಮಡಚುವ ಫೋನ್ ಗ್ಯಾಲಕ್ಸಿ ಝಡ್ ಫೋಲ್ಡ್ 7 ನಮ್ಮ ಮಾರುಕಟ್ಟೆಗೆ ಬಂದಾಗ ಅದರ ಆರಂಭಿಕ ಬೆಲೆ 1,74,999 ರೂಪಾಯಿ. ಜಾಹೀರಾತಿನ ಅಬ್ಬರ, ಕಂತಿನ ಸಾಲದ ಆಮಿಷ ಎರಡನ್ನೂ ಕಂಡಾಗ ನನಗೆ ನೆನಪಾದದ್ದು ಬೆಂಗಳೂರಿನಲ್ಲೇ ಹುಟ್ಟಿದ್ದ ಇನ್ನೊಂದು ಅಂಗೈ ಯಂತ್ರ: ಸಿಂಪ್ಯೂಟರ್.

ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ಎನ್‌ಕೋರ್ ಸಂಸ್ಥೆಯ ತಂತ್ರಜ್ಞರು ಸೇರಿ ರೂಪಿಸಿದ ಇದರ ಮಾದರಿ 2001ರಲ್ಲಿ ಹೊರಬಂತು. ಸ್ಪರ್ಶಪರದೆ, ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ವ್ಯವಸ್ಥೆ, ಒಂದೇ ಯಂತ್ರವನ್ನು ಊರಿನ ಹಲವರು ಹಂಚಿಕೊಳ್ಳಲು ಸ್ಮಾರ್ಟ್ ಕಾರ್ಡ್ ಇವೆಲ್ಲ ಅದರಲ್ಲಿದ್ದವು. ವಿದೇಶಿ ಪತ್ರಿಕೆಗಳೂ ಕೊಂಡಾಡಿದವು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಕೆಯಲ್ಲಿ 'ಅಮಿದ' ಎಂಬ ಹೆಸರಿನಿಂದ ಅದು ಮಾರಾಟಕ್ಕೆ ಬಂತು. ಬೆಲೆ ಸುಮಾರು 10,000 ರೂಪಾಯಿಯಿಂದ ಮೇಲಕ್ಕೆ.

ಮಧುಗಿರಿ ಉಪವಿಭಾಗದಲ್ಲಿ ಸೇವೆ ಸಲ್ಲಿಸಿದ್ದ ನನ್ನಂಥವರಿಗೆ ಅದರ ಮೇಲೆ ಅಪಾರ ಭರವಸೆಯಿತ್ತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಮಳೆಯನ್ನು ನಂಬಿ ಸೋತು ಗೆದ್ದ ತಾಲ್ಲೂಕುಗಳು. 'ಭೂಮಿ' ಯೋಜನೆಯಿಂದ ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಗಣಕೀಕೃತ ಪಹಣಿ ದೊರೆಯತೊಡಗಿದ್ದ ಕಾಲವದು. ಮನೆಯಲ್ಲಿ ತೆಲುಗು ಮಾತನಾಡಿ ಕಚೇರಿಯಲ್ಲಿ ಕನ್ನಡದ ಕಾಗದ ಹಿಡಿಯುವ ಪಾವಗಡದ ಗಡಿ ಹಳ್ಳಿಯ ಶೇಂಗಾ ಬೆಳೆಗಾರನಿಗೆ, ಯಂತ್ರವೇ ಊರಿಗೆ ಬಂದು ಓದಿ ಹೇಳಿದರೆ ಎಷ್ಟು ಉಪಕಾರವಾದೀತು ಎಂದು ಲೆಕ್ಕ ಹಾಕಿದ್ದೆವು.

ಲೆಕ್ಕ ತಪ್ಪಿತು. ಮಾರಾಟವಾದದ್ದು ಕೆಲವೇ ಸಾವಿರ. ಸಿಂಪ್ಯೂಟರ್ ಫೋನ್ ಆಗಿರಲಿಲ್ಲ. 2003ರಲ್ಲೇ ರಿಲಯನ್ಸ್ 501 ರೂಪಾಯಿ ಮುಂಗಡಕ್ಕೆ ಮೊಬೈಲ್ ಕೊಡತೊಡಗಿತ್ತು. ಜನರಿಗೆ ಮೊದಲು ಬೇಕಾಗಿದ್ದದ್ದು ಮಾತು, ಮಾಹಿತಿ ಆಮೇಲೆ. ಯಂತ್ರವಿದ್ದರೂ ಅದಕ್ಕೆ ಮಾಹಿತಿ ಉಣಿಸುವ ಜಾಲವಾಗಲಿ ಇಲಾಖೆಗಳ ಸಿದ್ಧತೆಯಾಗಲಿ ಹಳ್ಳಿಯಲ್ಲಿರಲಿಲ್ಲ. ಯಂತ್ರದ ಗುಣವೊಂದನ್ನೇ ನೋಡಿ ತೀರ್ಪು ಕೊಟ್ಟದ್ದು ನಮ್ಮ ತಪ್ಪು.

ಆದರೆ ಆ ಕಲ್ಪನೆ ಸುಳ್ಳಾಗಲಿಲ್ಲ. 2016ರ ನಂತರ ಅಂತರಜಾಲ ಅಗ್ಗವಾಯಿತು. 2020ರಿಂದ ನಮ್ಮ ರೈತರು ಬೆಳೆ ಸಮೀಕ್ಷೆಯ ಆಪ್‌ನಲ್ಲಿ ತಮ್ಮ ಹೊಲದ ಬೆಳೆಯ ಚಿತ್ರವನ್ನು ತಾವೇ ತೆಗೆದು ದಾಖಲಿಸಬಹುದಾಗಿದೆ. ಬೆಳೆ ವಿಮೆಗೂ ಪರಿಹಾರಕ್ಕೂ ಈ ದಾಖಲೆ ಆಧಾರ. ಈ ಕೆಲಸಕ್ಕೆ ಸಾಧಾರಣ ಫೋನ್ ಸಾಕು.

ಹಾಗಾದರೆ ಒಂದೂಮುಕ್ಕಾಲು ಲಕ್ಷದ ಫೋನು ತನ್ನ ಹೊಗಳಿಕೆಗೆ ತಕ್ಕುದೇ? ಯಂತ್ರವಾಗಿ ಅದು ನಿಸ್ಸಂದೇಹವಾಗಿ ಅದ್ಭುತ. ಬಿಚ್ಚಿದರೆ ಎಂಟು ಅಂಗುಲದ ಪರದೆ, ಏಳು ವರ್ಷಗಳ ತಂತ್ರಾಂಶ ನವೀಕರಣದ ಭರವಸೆ. ಆದರೆ ಅರ್ಥಶಾಸ್ತ್ರದ ಮೊದಲ ಪಾಠ ಸೀಮಾಂತ ತುಷ್ಟಿಗುಣದ್ದು. ಫೋನೇ ಇಲ್ಲದವನ ಕೈಗೆ ಹತ್ತು ಸಾವಿರದ ಫೋನು ಬಂದಾಗ ಬದುಕಿನಲ್ಲಾಗುವ ಬದಲಾವಣೆಗೂ, ಐವತ್ತು ಸಾವಿರದ ಫೋನಿರುವವನು ಅದಕ್ಕಿಂತ ದುಬಾರಿಯದನ್ನು ಕೊಂಡಾಗ ಆಗುವ ಬದಲಾವಣೆಗೂ ಹೋಲಿಕೆಯೇ ಇಲ್ಲ. ಬೆಲೆ ಏರಿದಷ್ಟೂ ಪಡೆಯುವ ಹೆಚ್ಚುವರಿ ಪ್ರಯೋಜನ ಕಿರಿದಾಗುತ್ತದೆ. ಉಳ್ಳವರು ಕೊಂಡರೆ ಆಕ್ಷೇಪವಿಲ್ಲ; ಸಾಲ ಮಾಡಿ ಕೊಳ್ಳುವ ಮಧ್ಯಮ ವರ್ಗದ ಯುವಕರು ಮಾತ್ರ ಎರಡು ಬಾರಿ ಯೋಚಿಸಬೇಕು.

ಸರ್ಕಾರಕ್ಕೂ ಇದರಲ್ಲಿ ಪಾಠವಿದೆ. ಪರಿಹಾರದ ದಾಖಲೆ ಆಪ್ ಮೂಲಕವೇ ಎಂದಾದ ಮೇಲೆ, ಆ ಆಪ್ ಅತಿ ಅಗ್ಗದ ಫೋನಿನಲ್ಲಿ, ದುರ್ಬಲ ಸಿಗ್ನಲ್‌ನಲ್ಲಿ ಕೆಲಸ ಮಾಡಲೇಬೇಕು. ಫೋನಿಲ್ಲದ ವೃದ್ಧೆಗೆ ಗ್ರಾಮ ಆಡಳಿತಾಧಿಕಾರಿಯ ನೆರವು ಹಕ್ಕಾಗಿ ಸಿಗಬೇಕು. ಸಿಂಪ್ಯೂಟರ್ ಸೋತಾಗ ರೈತ ಇದ್ದಲ್ಲೇ ಉಳಿದ, ಅಷ್ಟೆ. ಇಂದು ಆಪ್ ಸೋತರೆ ಅವನು ಪರಿಹಾರವನ್ನೇ ಕಳೆದುಕೊಳ್ಳುತ್ತಾನೆ.